ಕುಸಿದ ದಂಡೆಯಲ್ಲಿ ಕಂಡವರು

ತೈನಾನ್
೧೯ ಮಾರ್ಚ್ ೧೯೮೪

ಅಣ್ಣ ತಾಂಗ್‌ಹೈಗೆ, ತಂಗಿ ಬಿನ್ ಮಾಡುವ ನಮಸ್ಕಾರ.

ಮೊನ್ನೆ ಊರಿಗೆ ಬಂದವಳು ಬೇರೆ ಯಾರನ್ನೂ ಮಾತಾಡಿಸದೆ, ನಿನಗೂ ಅಮ್ಮನಿಗೂ ಹೋಗಿಬರುತ್ತೇನೆ ಎಂದೂ ಹೇಳದೆ ದೋಣಿ ಹತ್ತಿದೆ. ಬೇಕೆಂದೇ ಹಾಗೆ ಮಾಡಿದೆ. ಇನ್ನು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದರೆ ನಮ್ಮ ಸಂಗ್ರಹಾಲಯದವರ ಎದುರಿಗೇ ನಿನ್ನ ಅಂಗಿ ಹಿಡಿದು ಕೇಳಿಬಿಡುತ್ತಿದ್ದೆ. ಮನೆಯ ಮಾನ ಮನೆಯಲ್ಲೇ ಇರಲಿ ಎಂದು ಈಗ ಕಾಗದದಲ್ಲಿ ಕೇಳುತ್ತಿದ್ದೇನೆ. ದಂಡೆಯಲ್ಲಿ ಮಲಗಿದ್ದವರು ಎಲ್ಲಿ ಹೋದರು?

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎಂದು ನೀನು ಹೇಳಬಾರದು. ಕಳೆದ ಸೆಪ್ಟೆಂಬರಿನ ಚಂಡಮಾರುತಕ್ಕೆ ನಮ್ಮ ಹಿತ್ತಲಿನ ದಂಡೆ ಕುಸಿಯಿತು. ಕುಸಿದ ಕಡೆ ಮಣ್ಣಿನೊಳಗೆ ಚಿಪ್ಪಿನ ಪದರ, ಮಡಕೆ ಚೂರು, ಒಲೆಯ ಬೂದಿ ಎಲ್ಲವೂ ಕಂಡವು. ನಾಲ್ಕು ಸಾವಿರ ವರ್ಷದ ಹಿಂದಿನ ಊರು ಅದು. ಎಲ್ಲಕ್ಕಿಂತ ಕೆಳಗೆ ಮನುಷ್ಯರ ತಲೆಬುರುಡೆಯ ಹಣೆ, ಮಡಚಿದ ಮೊಣಕಾಲು. ನಾನು ಕಣ್ಣಾರೆ ಕಂಡೆ. ಅಲೆ ಮೇಲೇರುತ್ತಿತ್ತು, ಕ್ಯಾಮೆರಾದೊಳಗೆ ಉಪ್ಪುನೀರು ಹೋಗಿ ಒಂದು ಚಿತ್ರವೂ ಉಳಿಯಲಿಲ್ಲ. ಆ ಜಾಗಕ್ಕೆ ಚಾಪೆ ಹೊದಿಸಿ ಮೇಲೆ ಕಪ್ಪು ಕಲ್ಲು ಹೇರಿ ಬಂದೆ. ಕಲ್ಲು ಹೊತ್ತುಕೊಟ್ಟವನು ನೀನೇ. ನಮ್ಮಿಬ್ಬರನ್ನು ಬಿಟ್ಟರೆ ಇನ್ನಾರಿಗೂ ಆ ಜಾಗ ತಿಳಿದಿರಲಿಲ್ಲ.

ಇಲ್ಲಿಗೆ ಬಂದು ಸಮಿತಿಯ ಮುಂದೆ ಎದೆ ತಟ್ಟಿ ಹೇಳಿದೆ. ಅಲ್ಲಿಯವರೆಗೂ ಅವರು ಅದನ್ನು ಮೀನುಗಾರರು ಬಂದು ಹೋಗುತ್ತಿದ್ದ ತಂಗುದಾಣ, ಅಗೆಯುವಂಥದ್ದೇನಿಲ್ಲ ಎನ್ನುತ್ತಿದ್ದರು. ಸತ್ತವರನ್ನು ಮಣ್ಣು ಮಾಡಿದ್ದಾರೆ ಎಂದರೆ ಅಲ್ಲಿ ಸಂಸಾರಗಳಿದ್ದವು ಎಂದಾಯಿತು. ಆ ಒಂದು ಸಮಾಧಿಯನ್ನು ತೋರಿಸಿದರೆ ಬೇಸಿಗೆಯಲ್ಲಿ ಅಗೆಯಲು ಅನುಮತಿ ಸಿಗುತ್ತದೆ. ತೋರಿಸದಿದ್ದರೆ ಜೂನ್ ಮುಗಿಯುತ್ತಲೇ ಬಂದರಿನ ಕಚೇರಿಯವರು ಯಂತ್ರ ತಂದು ದಂಡೆಯನ್ನು ಇಳಿಜಾರಾಗಿ ಕಡಿದು ತಡೆಗೋಡೆಗೆ ಸಿಮೆಂಟು ಸುರಿಯುತ್ತಾರೆ. ಆಮೇಲೆ ಆ ಊರನ್ನು ಯಾರೂ ನೋಡುವಂತಿಲ್ಲ.

ಮೊನ್ನೆ ಎಲ್ಲರನ್ನೂ ಕರೆದುಕೊಂಡು ಬಂದೆ. ಕಲ್ಲುಗಳು ಇಟ್ಟಲ್ಲೇ ಇದ್ದವು, ಚಾಪೆಯೂ ಇತ್ತು. ಚಾಪೆಯ ಕೆಳಗೆ ಖಾಲಿ ಗುಳಿ. ಸಮುದ್ರ ಒಯ್ದಿದ್ದರೆ ಹೋಗುವಾಗ ಚಾಪೆ ಸರಿಮಾಡಿ, ಕಲ್ಲು ಜೋಡಿಸಿಟ್ಟು ಹೋಗುತ್ತಿತ್ತೇ?

ನಮ್ಮ ಮುಖ್ಯಸ್ಥ ಚಿಯಾಮ್ ನಕ್ಕರು. "ಬಿನ್, ನೀವು ನೋಡಿದ್ದು ಮನುಷ್ಯರದ್ದೇ ತಾನೆ? ಡಾಲ್ಫಿನ್ ಮೀನಿನ ತಲೇನೂ ದೂರದಿಂದ ಹಂಗೇ ಕಾಣುತ್ತೆ" ಎಂದರು. ಮೂಳೆ ಓದುವುದೇ ನನ್ನ ಕಸುಬು, ಅಣ್ಣ. ಆ ಮಾತು ನನಗೆ ಎಷ್ಟು ಚುಚ್ಚಿತೆಂದು ನಿನಗೆ ಹೇಗೆ ಹೇಳಲಿ? ಆಗ ನೀನು ಹಿತ್ತಲ ಗೋಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತ ಆಕಾಶ ನೋಡುತ್ತಿದ್ದೆ. ಮಳೆ ಬರುತ್ತದೆಯೇ ಎಂದು ನೋಡುತ್ತಿದ್ದೆ ಎಂದು ಬರೆಯಬೇಡ. ಮೋಡವೇ ಇರಲಿಲ್ಲ.

ಉತ್ತರ ಬರೆ.
ಬಿನ್

*

ಚುಯಿಬೇ, ಪೆಂಘು ದ್ವೀಪಗಳು
೩೦ ಮಾರ್ಚ್

ತಂಗಿ ಬಿನ್‌ಗೆ ಆಶೀರ್ವಾದ.

ಕುಂಬಳಕಾಯಿ ಕಳ್ಳ ಎಂದರೆ ನಾನೇಕೆ ಹೆಗಲು ಮುಟ್ಟಿ ನೋಡಿಕೊಳ್ಳಲಿ? ಆದರೂ ಕೇಳಿದ್ದೀಯ, ಬರೆಯುತ್ತೇನೆ. ಈ ಚಳಿಗಾಲ ಗಾಳಿ ಎಂಥದ್ದಿತ್ತು ಎಂದು ತೈನಾನಿನಲ್ಲಿ ಕೂತವಳಿಗೆ ತಿಳಿಯದು. ನಮ್ಮ ಕೋಳಿಗೂಡು ಹಾರಿಹೋಗಿ ದೇವಸ್ಥಾನದ ಮಾಡಿನ ಮೇಲೆ ಕೂತಿತ್ತು, ಒಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಅಂಥ ಗಾಳಿಗೆ ಮೂಳೆ ಯಾವ ಲೆಕ್ಕ? ಕಲ್ಲು ಹೇಗೆ ಇಟ್ಟಲ್ಲೇ ಇತ್ತು ಎಂದು ನನ್ನನ್ನು ಕೇಳಿದರೆ, ಕೋಳಿ ಹೇಗೆ ಬದುಕಿತ್ತು ಎಂದು ನಾನು ಕೇಳುತ್ತೇನೆ.

ಈಗ ನನ್ನ ಸರದಿ. ನಿನ್ನ ಜೊತೆ ಬಂದ ಕನ್ನಡಕದವನು ನಮ್ಮ ಅಡುಗೆಮನೆಯ ಗೋಡೆಯಿಂದ ದಂಡೆಯ ಅಂಚಿನವರೆಗೆ ಟೇಪು ಹಿಡಿದು ಅಳೆದನಲ್ಲ, ಯಾಕೆ? ಅಳೆದವನು ಬರೆದುಕೊಂಡ. ಬರೆದುಕೊಂಡವನು ನಿನ್ನ ಕಿವಿಯಲ್ಲಿ ಏನೋ ಹೇಳಿದ. ನೀನು ತಲೆಯಾಡಿಸಿದೆ. ಮನೆಯ ಕೆಳಗೂ ಆ ಹಳೆಯ ಊರು ಇದೆಯೆಂದೇ? ಇದ್ದರೆ ಮನೆಯನ್ನೂ ಕೀಳಿಸುವಿರೋ? ಇದನ್ನು ನಾನಾಗಿ ಯೋಚಿಸಿದ್ದಲ್ಲ. ಇಡೀ ಊರೇ ಕೇಳುತ್ತಿದೆ. ದೇವಸ್ಥಾನದ ಜಗಲಿಯಲ್ಲಿ ಮುದುಕ ಲಿಯೊಕ್ ಎಲ್ಲರಿಗೂ ಕೇಳಿಸುವಂತೆ ಅಂದ:

"ಏನಪ್ಪಾ ತಾಂಗ್‌ಹೈ, ನಿನ್ನ ತಂಗಿ ಬದುಕಿರೋರನ್ನ ಉಳಿಸೋಕೆ ಬರ್ತಾಳೋ, ಸತ್ತೋರನ್ನ ಉಳಿಸೋಕೆ ಬರ್ತಾಳೋ?"

"ಅವಳಿಗೆ ಸರ್ಕಾರ ಸಂಬಳ ಕೊಡೋದು ಸತ್ತೋರಿಗೆ ಕಣಜ್ಜ" ಎಂದೆ.

"ಹಂಗಾದ್ರೆ ನಾವು ಸಾಯೋತಂಕ ಕಾಯ್ಬೇಕು ಅನ್ನು!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಹೊಟ್ಟೆಯೊಳಗೆ ನಗು ಇರಲಿಲ್ಲ. ಹೋದ ವರ್ಷ ಕಡಲೆಕಾಯಿ ಹೊಲದ ಪಟ್ಟಿ ಸಮುದ್ರದ ಪಾಲಾಯಿತು. ಈಗ ಅಡುಗೆಮನೆಗೂ ಅಂಚಿಗೂ ನಡುವೆ ಒಂದು ಬಿದಿರು ಮಂಚ ಹಾಕುವಷ್ಟು ಜಾಗ ಉಳಿದಿದೆ. ನಿನಗೆ ಅನುಮತಿ ಸಿಕ್ಕರೆ ಗೋಡೆ ಒಂದು ವರ್ಷ ತಡ ಎಂದು ನೀನೇ ಹೇಳಿದ್ದೆ. ಸಮುದ್ರ ನಿನ್ನ ಸಮಿತಿಯ ಮಾತು ಕೇಳಿ ಒಂದು ವರ್ಷ ಸುಮ್ಮನಿರುತ್ತದೆಯೇ?

ಅಮ್ಮ ಚೆನ್ನಾಗಿದ್ದಾಳೆ. ಊಟ ಸೇರುತ್ತಿದೆ, ನಿದ್ದೆಯೂ ಬರುತ್ತಿದೆ. ನಿನಗೆಂದು ಒಣಗಿದ ಸ್ಕ್ವಿಡ್ ಮೀನು ಕಳಿಸಿದ್ದಾಳೆ, ಸಂಗ್ರಹಾಲಯದವರಿಗೆ ಹಂಚಬೇಡ.

ಚಿಂಗ್‌ಮಿಂಗ್ ಹಬ್ಬಕ್ಕೆ ಗೋರಿ ತೊಳೆಯಲು ಈ ಸಲ ನೀನು ಬರುವುದು ಬೇಡ. ದೋಣಿಯಲ್ಲಿ ನೂಕುನುಗ್ಗಲು. ಅಜ್ಜ ಅಜ್ಜಿಯ ಗೋರಿ ನಾವೇ ತೊಳೆಯುತ್ತೇವೆ.

ನಿನ್ನ ಅಣ್ಣ
ತಾಂಗ್‌ಹೈ

*

ತೈನಾನ್
೧೨ ಏಪ್ರಿಲ್

ಅಣ್ಣ,

ನಾನು ಊರು ಬಿಟ್ಟಾಗಿನಿಂದ ಪ್ರತಿ ವರ್ಷ ಹಬ್ಬಕ್ಕೆ ಬಾ ಬಾ ಎಂದು ಪ್ರಾಣ ತಿನ್ನುತ್ತಿದ್ದವನು ಈ ಸಲ ಬೇಡ ಎಂದೆ. ದೋಣಿಯ ನೂಕುನುಗ್ಗಲು ನಿನಗೆ ಈ ವರ್ಷ ಹೊಳೆಯಿತೇ? ನಾನು ಬಂದರೆ ಏನು ಕಾಣುತ್ತಿತ್ತು ಅಣ್ಣ?

ಅಂಗಡಿಗೆ ಫೋನು ಮಾಡಿದೆ. ಊರಿಗೊಂದೇ ಫೋನು, ಹತ್ತು ಕಿವಿ ಕೇಳಿಸಿಕೊಂಡರೂ ಪರವಾಗಿಲ್ಲ ಎಂದು ಮಾಡಿದೆ. ಅತ್ತಿಗೆ ಬಂದು, "ಅವರು ಊರಲ್ಲಿಲ್ಲ ಬಿನ್, ಬಲೆ ತರೋಕೆ ಮಕುಂಗ್‌ಗೆ ಹೋಗಿದಾರೆ" ಎಂದಳು. ಅವಳ ಪಕ್ಕದಲ್ಲೇ ನಿಂತು ನೀನು ಕೆಮ್ಮಿದೆ. ನಿನ್ನ ಕೆಮ್ಮು ನನಗೆ ಗೊತ್ತಿಲ್ಲವೇ? ಅತ್ತಿಗೆಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಪಾಪ, ಆ ಕಡೆ ತಿರುಗಿ "ಸುಮ್ನಿರ್ರೀ" ಎಂದದ್ದೂ ಕೇಳಿಸಿತು.

ಇನ್ನೊಂದು ವಿಷಯ. ನಮ್ಮವರೊಬ್ಬರು ಮಕುಂಗ್‌ನಲ್ಲಿ ಹವಳ ಮಾರುವ ಕೋ ಎಂಬುವನ ಅಂಗಡಿಗೆ ಹೋಗಿದ್ದರಂತೆ. ಅವನ ಗಾಜಿನ ಕಪಾಟಿನಲ್ಲಿ ಮರ ಕೆತ್ತಲು ಬಳಸುತ್ತಿದ್ದ, ನಯ ಮಾಡಿದ ಕಲ್ಲಿನ ಬಾಚಿಯೊಂದು ಇತ್ತಂತೆ, ನಮ್ಮ ದಂಡೆಯಲ್ಲಿ ಸಿಗುವಂಥದ್ದೇ. ಎಲ್ಲಿಯದು ಎಂದು ಕೇಳಿದರೆ ಕೋ ಹಲ್ಲು ಕಿರಿದನಂತೆ. ಹಳೆಯ ತಲೆಬುರುಡೆಗೂ ಗಿರಾಕಿಗಳಿದ್ದಾರೆ ಎಂದು ಚಿಯಾಮ್ ಹೇಳುತ್ತಾರೆ. ಅವರ ಎದುರಿಗೆ ನಿನ್ನ ಪರವಾಗಿ ಜಗಳವಾಡಿದೆ. ಮನೆಗೆ ಬಂದು ಕೂತಾಗ ನನಗೇ ಅನುಮಾನ ಬಂತು. ನನ್ನ ಸ್ವಂತ ಅಣ್ಣನ ಮೇಲೆ! ಅಳು ಬಂತು.

ಸಮಿತಿ ಜೂನ್ ಹದಿನೆಂಟಕ್ಕೆ ಸೇರುತ್ತದೆ. ಅಷ್ಟರೊಳಗೆ ಮೂಳೆ ತೋರಿಸಬೇಕು, ಇಲ್ಲವೇ ನೋಡಿದ್ದು ತಪ್ಪು ಎಂದು ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಇನ್ನು ಮುಂದೆ ನಾನು ಏನನ್ನು ಕಂಡೆ ಎಂದರೂ ಯಾರೂ ನಂಬುವುದಿಲ್ಲ. ದಂಡೆಯೂ ಹೋಗುತ್ತದೆ.

ಒಂದೇ ಕೇಳುತ್ತೇನೆ. ಅಪ್ಪನ ಮೇಲೆ ಆಣೆ ಮಾಡಿ ಹೇಳು. ಸ್ಕ್ವಿಡ್ ಹಿಡಿಯಲು ಹೋದ ದೋಣಿ ಮರಳಿ ಬರದಿದ್ದಾಗ ನಾನು ತೊಟ್ಟಿಲಲ್ಲಿದ್ದೆ, ನನಗೆ ಅವರ ಮುಖವೂ ನೆನಪಿಲ್ಲ. ಆದರೆ ನೀನು ಅವರ ಹೆಗಲ ಮೇಲೆ ಕೂತು ಬೆಳೆದವನು. ಮೂಳೆ ಎಲ್ಲಿವೆ ಎಂದು ನಿನಗೆ ತಿಳಿಯದು ಎಂದು ಅಪ್ಪನ ಹೆಸರಿನಲ್ಲಿ ಆಣೆ ಮಾಡಿ ಬರೆ. ಮತ್ತೆ ಆ ಮಾತು ಎತ್ತುವುದಿಲ್ಲ.

ಬಿನ್

*

ಚುಯಿಬೇ
೨೭ ಏಪ್ರಿಲ್

ಬಿನ್,

ಅಪ್ಪನನ್ನು ಇದರೊಳಗೆ ಎಳೆಯಬೇಡ. ಆಣೆ ಗೀಣೆ ನಾನು ಮಾಡುವುದಿಲ್ಲ.

ಕೋ ಅಂಗಡಿಯ ಹೊಸ್ತಿಲು ನಾನು ತುಳಿದಿಲ್ಲ. ಅವನಿಗೆ ಬಾಚಿ ಕೊಟ್ಟವನು ಯಾರೆಂದು ನನಗೇನು ಗೊತ್ತು? ದಂಡೆಯೇನು ನಮ್ಮೊಬ್ಬರದೇ? ನಿನ್ನ ಅಣ್ಣ ಸತ್ತವರ ತಲೆ ಮಾರಿ ತಿನ್ನುವವನು ಎಂದು ನಿನಗೆ ಅನ್ನಿಸಿತಲ್ಲ, ಅನ್ನಿಸಲಿ. ಬೇಕಾದರೆ ಪೊಲೀಸರಿಗೆ ಬರೆ. ಅವರು ಬಂದರೆ ಚಹಾ ಕೊಟ್ಟು, ನನ್ನ ತಂಗಿ ಕಳಿಸಿದಳೇ ಎಂದು ಕೇಳುತ್ತೇನೆ.

ಕೆಮ್ಮಿದ್ದು ನಾನೇ. ಅತ್ತಿಗೆಯನ್ನು ಬೈಯಬೇಡ.

ಅಮ್ಮ ಬೇಸಿಗೆಯ ಅಂಗಿ ಹೊಲಿಯುತ್ತಿದ್ದಾಳೆ, ನಿನಗೆ. ಬಣ್ಣ ಒಪ್ಪಿಗೆಯಾಗದಿದ್ದರೂ ಚೆನ್ನಾಗಿದೆ ಎಂದು ಬರೆ.

ತಾಂಗ್‌ಹೈ

*

ತೈನಾನ್
೯ ಮೇ

ಅಣ್ಣ,

ಮೊನ್ನೆ ಭಾನುವಾರ ಮೀನು ಪೇಟೆಗೆ ಹೋಗಿದ್ದೆ. ನಮ್ಮೂರಿನಿಂದ ಒಣಮೀನು ತರುವ ಹೆಂಗಸು, ಲಿಯೊಕ್ ಅಜ್ಜನ ಸೊಸೆ, ನನ್ನನ್ನು ಕಂಡು ಬುಟ್ಟಿ ಬಿಟ್ಟು ಓಡಿ ಬಂದು ಕೈ ಹಿಡಿದುಕೊಂಡಳು.

"ಅಂತೂ ನಿಮ್ಮಪ್ಪ ಸಿಕ್ಕಿದರಲ್ಲಮ್ಮ! ನಿಮ್ಮಮ್ಮನ ಹಟ ಗೆದ್ದಿತು ನೋಡು. ಗೋರಿ ಕಲ್ಲು ಎಷ್ಟು ಚೆನ್ನಾಗಿ ಕೆತ್ತಿಸಿದಾರೆ! ಹಬ್ಬಕ್ಕೆ ನೀನ್ಯಾಕೆ ಬರಲಿಲ್ಲ?"

ಮೀನಿನ ಬುಟ್ಟಿಗಳ ನಡುವೆ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ನನಗೆ ಎಂಥ ಸಂತೋಷವಾಯಿತು ಗೊತ್ತೇ? ಅಪ್ಪ ಸಿಕ್ಕಿದರು, ಅಣ್ಣ ಯಾಕೆ ತಿಳಿಸಲಿಲ್ಲ ಎನ್ನುವುದೂ ಹೊಳೆಯದಷ್ಟು ಸಂತೋಷ. ಅವಳು ಮಾತಾಡುತ್ತಲೇ ಇದ್ದಳು. "ಅದೂ ನಿಮ್ಮ ಹಿತ್ತಲ ದಂಡೇಲೇ! ಮನೆ ಹುಡುಕ್ಕೊಂಡು ಬಂದಿದ್ರು ನೋಡು ಪುಣ್ಯಾತ್ಮ" ಎಂದಳು. ಆಗ ಅರ್ಥವಾಯಿತು.

ನಿನಗೆ ನಾಚಿಕೆಯಾಗಬೇಕು. ಗೋಡೆ ಬೇಗ ಬರಲಿ ಎಂದು ಮೂಳೆ ಮುಚ್ಚಿಟ್ಟಿದ್ದರೆ ನಿನ್ನ ಮೇಲೆ ಸಿಟ್ಟಾಗುತ್ತಿದ್ದೆ, ಅಷ್ಟೆ. ಮಾರಿದ್ದರೂ ಒಂದು ದಿನ ಕ್ಷಮಿಸುತ್ತಿದ್ದೆನೇನೋ. ಗಂಡನ ದಾರಿ ನೋಡಿ ನೋಡಿ ಮುದುಕಿಯಾದವಳಿಗೆ ಯಾರದ್ದೋ ಮೂಳೆ ತೋರಿಸಿ ಇವನೇ ನಿನ್ನ ಗಂಡ ಎಂದೆಯಲ್ಲ! ಗೋಡೆಗೋಸ್ಕರ ತಾಯಿಗೇ ಮೋಸ ಮಾಡಿದೆಯಲ್ಲ! ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರೆ. ನಿನಗೆ ಸಿಕ್ಕ ನೆವ ಅಪ್ಪನೇ? ಆಣೆ ಮಾಡಲು ನೀನು ಯಾಕೆ ಹೆದರಿದೆ ಎಂದು ಈಗ ತಿಳಿಯಿತು.

ಅವರು ಅಪ್ಪನಲ್ಲ. ಮೊಣಕಾಲು ಎದೆಗೆ ಮಡಚಿ ಮಲಗಿಸಿದ್ದರು, ಮೇಲೆ ಚಿಪ್ಪಿನ ಪದರ ಮುರಿಯದೆ ಇತ್ತು. ನಾಲ್ಕು ಸಾವಿರ ವರ್ಷದಿಂದ ಯಾರೂ ಅವರನ್ನು ಕದಲಿಸಿರಲಿಲ್ಲ. ನಿನಗೂ ತೋರಿಸಿದ್ದೆ, ಹೌದು ಹೌದು ಎಂದು ತಲೆಯಾಡಿಸಿದ್ದೆ. ಒಂದು ಹಲ್ಲು ಸಾಕು, ಪರೀಕ್ಷೆ ಮಾಡಿದರೆ ವಯಸ್ಸು ತಿಳಿಯುತ್ತದೆ. ಗೋರಿ ತೆಗೆದು ಒಂದು ಹಲ್ಲು ಕಳಿಸು.

ಇಲ್ಲವೆಂದರೆ ನಾನೇ ಬರುತ್ತೇನೆ.

ಬಿನ್

*

ಚುಯಿಬೇ
೨೦ ಮೇ

ಬಿನ್‌ಗೆ,

ಇನ್ನು ಮುಚ್ಚಿಡುವುದೇನಿಲ್ಲ, ಬರೆಯುತ್ತೇನೆ. ಆದರೆ ನಾನು ಅಮ್ಮನಿಗೆ ಯಾವ ಮೂಳೆಯನ್ನೂ ತೋರಿಸಲಿಲ್ಲ.

ನವೆಂಬರ್‌ನಲ್ಲಿ ಗಾಳಿ ಬಲವಾಗಿ ಚಾಪೆ ಕಿತ್ತುಕೊಂಡಿತು. ನಾನು ಸಮುದ್ರದ ಮೇಲಿದ್ದೆ. ಅಮ್ಮ ಅಡುಗೆಗೆಂದು ಬಂಡೆಯ ಮೇಲಿನ ಪಾಚಿ ಕೆರೆದು ತರಲು ಹೋದವಳು ನೋಡಿದ್ದಾಳೆ. ನಾನು ಬರುವಷ್ಟರಲ್ಲಿ ದಂಡೆಯ ಕೆಳಗೆ ಅರ್ಧ ಊರು ಸೇರಿತ್ತು. ಅಮ್ಮ ಮರಳಿನ ಮೇಲೆ ಮಂಡಿಯೂರಿ ಕೂತಿದ್ದಳು. ದೇವರ ಉತ್ತರ ಕೇಳಲು ಎಸೆಯುವ ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ದೇವಸ್ಥಾನದಿಂದ ತರಿಸಿದ್ದಳು. ತುಟಿಯಲ್ಲೇ ಏನೋ ಕೇಳಿ ಎಸೆದಳು. ಒಂದು ಅಂಗಾತ, ಒಂದು ಬೋರಲು. ಹೌದು. ಮತ್ತೆ ಎಸೆದಳು, ಮತ್ತೆ ಹೌದು. ಮೂರನೆಯ ಸಲವೂ ಹೌದೇ ಬಿತ್ತು. ಲಿಯೊಕ್ ಅಜ್ಜ "ಬಂದ! ತಾಂಗ್‌ಹೈ ಅಪ್ಪ ಬಂದ!" ಎಂದು ಕೂಗಿದ. ಯಾರೋ ಪಟಾಕಿ ಹಚ್ಚಿಯೂ ಬಿಟ್ಟರು.

ನಾನು ಹೇಳಲು ಬಾಯಿ ತೆರೆದೆ. ಅಮ್ಮ ನನ್ನ ಕಡೆ ನೋಡಿದಳು. ಬಾಯಿ ಮುಚ್ಚಿದೆ. ನೀನು ಅಲ್ಲಿ ಇದ್ದಿದ್ದರೆ ನೀನೂ ಮುಚ್ಚುತ್ತಿದ್ದೆ.

ನಿನಗೆ ನೆನಪಿದೆಯಲ್ಲ, ಶವ ಸಿಗದವರ ಬಟ್ಟೆಯನ್ನೇ ಹೂತು ಗೋರಿ ಕಟ್ಟುತ್ತಾರೆ, ನಾವೂ ಕಟ್ಟೋಣ ಎಂದು ದೊಡ್ಡವರು ಹೇಳಿದಾಗ, "ಬಟ್ಟೆ ಹೂಳೋಕೆ ನನ್ನ ಗಂಡ ಏನು ದರ್ಜೀನಾ?" ಎಂದು ಓಡಿಸಿದವಳು ಅಮ್ಮ. ಯಾವ ದ್ವೀಪದಲ್ಲಿ ಹೆಣ ದಡಕ್ಕೆ ಬಂದಿದೆ ಎಂದರೂ, ಬಿಸಿಲಾಗಲಿ ಗಾಳಿಯಾಗಲಿ, ಸೇತುವೆ ದಾಟಿ ನಡೆದು ಹೋಗಿ ಮುಖ ನೋಡಿ ಬರುತ್ತಿದ್ದಳು. ಬಂದ ದಿನ ಊಟ ಮಾಡುತ್ತಿರಲಿಲ್ಲ. ಈ ಫೆಬ್ರವರಿಯಲ್ಲಿ ಪಕ್ಕದ ಊರಿನಲ್ಲಿ ಒಬ್ಬನ ಹೆಣ ಸಿಕ್ಕಿತು. ಅಮ್ಮ ಸುದ್ದಿ ಕೇಳಿ "ಪಾಪ, ಅವನ ಮನೆಯೋರಿಗೆ ಹೇಳಿದ್ರಾ?" ಎಂದಳು. ಎದ್ದು ಹೋಗಲಿಲ್ಲ. ಗೆಣಸಿನ ಗಂಜಿ ಕುಡಿದು ಮಲಗಿದಳು. ಅದನ್ನು ನೋಡಿದವನು ನಾನು. ಆಮೇಲೆ ನಾಲ್ಕು ಸಾವಿರ ವರ್ಷದ ಮಾತು ಹೇಗೆ ಎತ್ತಲಿ?

ಒಂದೊಂದು ಮೂಳೆಯನ್ನೂ ಅವಳೇ ಒರೆಸಿದಳು. ಯಾರಿಗೂ ಮುಟ್ಟಲು ಬಿಡಲಿಲ್ಲ. ಪದ್ಧತಿಯಂತೆ ಪಾದ ಕೆಳಗೆ, ತಲೆ ಮೇಲೆ, ಕೂತ ಭಂಗಿಯಲ್ಲಿ ಮಣ್ಣಿನ ಗಡಿಗೆಗೆ ಇಳಿಸಿ, ಅಜ್ಜಿಯ ಪಕ್ಕದಲ್ಲಿ ಗೋರಿ ಮಾಡಿದೆವು. ಮಾರನೆಯ ದಿನ ನಾನು ಖಾಲಿ ಗುಳಿಗೆ ಚಾಪೆ ಹೊದಿಸಿ ಕಲ್ಲು ಜೋಡಿಸಿದೆ. ಅಂಥ ದಡ್ಡತನವನ್ನು ನೀನು ಹಿಡಿಯುತ್ತೀ ಎಂದು ಆಗ ಹೊಳೆಯಲಿಲ್ಲ. ಅವರ ಪಕ್ಕದಲ್ಲಿದ್ದ ಕಲ್ಲಿನ ಬಾಚಿ ನನ್ನ ಸಾಮಾನಿನ ಡಬ್ಬದಲ್ಲೇ ಇದೆ.

ಇದರಿಂದ ಗೋಡೆಗೂ ಅನುಕೂಲವಾಯಿತು ಎಂದು ನನಗೆ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು. ಒಳ್ಳೆಯದಾಯಿತು ಎಂದೂ ಅಂದುಕೊಂಡೆ.

ಹಲ್ಲು ನಾನು ಕೀಳುವುದಿಲ್ಲ. ನೀನೇ ಬಾ. ಬಂದು ಅಮ್ಮನ ಎದುರು ನಿಂತು, ಇವರು ನಿನ್ನ ಗಂಡನಲ್ಲ ಎಂದು ನಿನ್ನ ಬಾಯಿಂದ ಹೇಳು. ನಾನು ಅಡ್ಡ ಬರುವುದಿಲ್ಲ.

ತಾಂಗ್‌ಹೈ

*

ತೈನಾನ್
೮ ಜೂನ್

ಅಣ್ಣ,

ಎರಡು ಸಲ ಬಸ್ಸು ಹಿಡಿದು ಹಡಗುಕಟ್ಟೆಗೆ ಹೋದೆ. ಎರಡು ಸಲವೂ ಟಿಕೆಟ್ಟಿನ ಸಾಲಿನಿಂದ ವಾಪಸು ಬಂದೆ. ಅಮ್ಮನ ಎದುರು ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗುತ್ತೇನೆ, ಅವಳ ಮುಖ ನೆನಪಾಗುತ್ತಲೇ ಮೊದಲ ಮಾತೇ ಬಾಯಿಗೆ ಬರುವುದಿಲ್ಲ.

ಸೋಮವಾರ, ಹದಿನೆಂಟಕ್ಕೆ, ಸಮಿತಿಯ ಮುಂದೆ ನಾನು ಕಂಡದ್ದು ತಪ್ಪು ಎಂದು ಹೇಳುತ್ತೇನೆ. ಅಲೆ ಏರುತ್ತಿತ್ತು, ಬೆಳಕು ಸಾಲುತ್ತಿರಲಿಲ್ಲ, ನಾನು ನೋಡಿದ್ದು ಡಾಲ್ಫಿನ್ ಮೀನಿನ ತಲೆ ಎಂದು ಹೇಳುತ್ತೇನೆ. ಚಿಯಾಮ್ ಅವರಿಗೆ ಬಹಳ ಸಂತೋಷವಾಗುತ್ತದೆ. ನನ್ನನ್ನು ಉಗ್ರಾಣಕ್ಕೆ ಹಾಕುತ್ತಾರೆ, ಮಡಕೆ ಚೂರಿಗೆ ಚೀಟಿ ಅಂಟಿಸುತ್ತ ಕೂರಬಹುದು.

ದಂಡೆ ಹೋಗುತ್ತದೆ ಎನ್ನುವುದು ನನಗೆ ಬಹಳ ಸಂಕಟ. ಅಲ್ಲಿ ಇನ್ನೂ ಎಷ್ಟು ಜನ ಮಲಗಿದ್ದಾರೋ. ಅವರ ಹೆಸರು ಯಾರಿಗೂ ತಿಳಿಯದು, ಅವರ ಪರವಾಗಿ ಮಾತಾಡುವವಳು ನಾನೊಬ್ಬಳೇ ಇದ್ದೆ. ಈಗ ನಾನೇ ಅವರನ್ನು ಮೀನು ಎನ್ನಬೇಕು. ಆದರೂ ಅಮ್ಮ ಊಟ ಮಾಡಿ ಮಲಗಿದಳು ಎಂದು ಬರೆದೆಯಲ್ಲ, ಆ ಮಾತನ್ನು ಮೀರಿ ಹೋಗಲು ನನ್ನಿಂದ ಆಗಲಿಲ್ಲ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ, ಹೋಗಲು ದಿನ ಬೇಕು.

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಬೇಡ.

ಬಿನ್

*

ಮಕುಂಗ್ ಹಡಗುಕಟ್ಟೆ
೧೫ ಜೂನ್, ಶುಕ್ರವಾರ

ಬಿನ್,

ಅಮ್ಮನಿಗೆ ಓದಬೇಡ ಎನ್ನುವುದನ್ನು ಕಾಗದದ ಮೊದಲಿಗೇ ಬರೆಯಬೇಕಿತ್ತು. ನನಗೆ ಮನಸ್ಸಿನೊಳಗೇ ಓದಲು ಬರುವುದಿಲ್ಲ. ಮೊನ್ನೆ ಹೊಸ್ತಿಲ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ಅಂಗಡಿಗೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಒಳಗೆ ಗೆಣಸು ಹೆಚ್ಚುತ್ತಿದ್ದಳು. ಡಾಲ್ಫಿನ್ ಎನ್ನುವಲ್ಲಿಗೆ ಬಂದಾಗ ಕತ್ತಿಯ ಸದ್ದು ನಿಂತಿತು.

"ಏನಂದೆ? ಇನ್ನೊಂದ್ಸಲ ಓದು."

"ಏನಿಲ್ಲಮ್ಮ, ಅವಳ ಆಫೀಸಿನ ವಿಷಯ."

"ಆಫೀಸಲ್ಲಿ ಮೀನು ಸಾಕ್ತಾರಾ? ಓದೋ."

ಓದಿದೆ. ಅವಳ ಕಿವಿಯ ತುದಿ ಕೆಂಪಾಯಿತು.

"ಅಂದ್ರೆ ಇಷ್ಟು ದಿನ ನಾನು ಮೀನಿಗೆ ಊದುಬತ್ತಿ ಹಚ್ಚಿದೆ ಅಂತ ನಿನ್ನ ತಂಗಿ ದೊಡ್ಡ ಮನುಷ್ಯರ ಮುಂದೆ ಹೇಳ್ತಾಳಾ? ಮೀನಿಗೆ! ಈ ಕೈಯಲ್ಲಿ ಒರೆಸಿ ಒರೆಸಿ ಕೂರಿಸಿದೀನಿ. ಅದು ಹೆಂಗಸು ಕಣೋ. ಎಳೇ ಹೆಂಗಸು, ಒಂದು ಹೆತ್ತಿದ್ಲೋ ಇಲ್ವೋ."

ಹೆಂಗಸೆಂದು ನಿನಗೆ ಹೇಗೆ ಗೊತ್ತು ಎಂದೆ. ಹೂತ ಕೆಲವು ವರ್ಷಕ್ಕೆ ಪದ್ಧತಿಯಂತೆ ನಿಮ್ಮಜ್ಜ ಅಜ್ಜಿಯ ಮೂಳೆ ತೆಗೆದು ಒರೆಸಿ ಗಡಿಗೆಗೆ ಇಳಿಸಿದ್ದು ಯಾರು, ಗಂಡಸ್ಯಾರು ಹೆಂಗಸ್ಯಾರು ಅಂತ ನನಗೆ ಮಕ್ಕಳು ಹೇಳಿಕೊಡಬೇಕಾ ಎಂದು ಬೈದಳು. ಮತ್ತೆ ದೇವರು ಮೂರು ಸಲ ಹೌದು ಎಂದದ್ದು ಏನು ಎಂದು ಕೇಳಿದೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾನೇನು ಕೇಳ್ದೆ ಅಂತ ನಿಮ್ಮಲ್ಲಿ ಯಾರಾದ್ರೂ ಕೇಳಿದ್ರಾ? ನೀನು ನನ್ನ ಗಂಡನಾ ಅಂತ ನಾನು ಕೇಳಲೇ ಇಲ್ಲ. ಗಾಳೀಲಿ ಬಿದ್ದಿದೀಯಲ್ಲ ತಾಯಿ, ನಮ್ಮನೆಗೆ ಬರ್ತೀಯಾ ಅಂತ ಕೇಳ್ದೆ. ಬರ್ತೀನಿ ಅಂದ್ಲು. ಅಷ್ಟರಲ್ಲಿ ಆ ಮುದುಕ ಲಿಯೊಕ್ ಬಾಯಿ ಹಾಕ್ದ. ಪಟಾಕಿ ಹಚ್ಚಿ ನಿನ್ನ ಗಂಡ ಬಂದ ಅಂದ್ರು. ಅಲ್ಲ ಅನ್ನೋಕೆ ಬಾಯಿ ಬರಲಿಲ್ಲ ಕಣೋ. ಒಂದು ದಿನ ಇರ್ಲಿ, ನಾಳೆ ಹೇಳ್ತೀನಿ ಅಂದ್ಕೊಂಡೆ. ಕಾಯೋದು ಮುಗೀತು ಅಂತ ಎಲ್ಲರೂ ಅನ್ನೋದು ಹಿತವಾಗಿತ್ತು, ಹಂಗೇ ಚಳಿಗಾಲ ಕಳೀತು. ನಿಮ್ಮಪ್ಪಾನೂ ಯಾವುದೋ ದಡಕ್ಕೆ ಹತ್ತಿರ್ತಾರೆ. ಅಲ್ಲಿ ಯಾವಳೋ ಒಬ್ಬಳು, ಯಾರೋ ಏನೋ, ನಮ್ಮನೆಗೆ ಬಾ ಅಂತ ಕರ್ಕೊಂಡು ಹೋಗಿರ್ಬೇಕು. ಹಂಗಂತ ಅಂದ್ಕೊಂಡೇ ಇಷ್ಟು ವರ್ಷ ಬದುಕಿದೀನಿ. ನನ್ನ ಮನಸ್ಸಿಗೆ ಸಮಾಧಾನ ಬೇಕು ಅಂತ ನನ್ನ ಮಗಳು ಸುಳ್ಳಿ ಅನ್ನಿಸ್ಕೋಬಾರದು."

ನಿನ್ನೆ ದೇವಸ್ಥಾನದ ಜಗಲಿಯ ಮುಂದೆ ನಿಂತು ಊರಿಗೆಲ್ಲ ಹೇಳಿದಳು, ಅದು ನನ್ನ ಗಂಡ ಅಲ್ಲ ಎಂದು. ಯಾರೂ ನಗಲಿಲ್ಲ. ಲಿಯೊಕ್ ಅಜ್ಜ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮನೆಗೆ ಬಂದು ಅವಳು ಊಟ ಮಾಡಲಿಲ್ಲ. ಇನ್ನು ಯಾವ ಊರಿನಲ್ಲಿ ಹೆಣ ಸಿಕ್ಕಿತೆಂದರೂ ಮತ್ತೆ ಎದ್ದು ಹೋಗುತ್ತಾಳೆ. ನನಗೆ ಸಂಕಟವಾಗುತ್ತಿದೆ, ಆದರೆ ತಡೆಯುವವನು ನಾನಲ್ಲ. ಗೋಡೆಯ ಭಯವೂ ನನಗೆ ಹೋಗಿಲ್ಲ. ಅಗೆಯುವುದಾದರೆ ಬೇಗ ಅಗೆಯಿರಿ, ಕಲ್ಲು ಮಣ್ಣು ಹೊರಲು ನಾನು ಬರುತ್ತೇನೆ.

ಅಮ್ಮನದು ಒಂದೇ ಷರತ್ತು. "ಪರೀಕ್ಷೆ ಗಿರೀಕ್ಷೆ ಮುಗಿಸ್ಕೊಂಡು ಮನೆಗೆ ಕಳಿಸ್ಬೇಕು. ನಮ್ಮನೆಗೆ ಬರ್ತೀನಿ ಅಂತ ಒಪ್ಪಿದೋಳು ಅವಳು."

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಅತ್ತಿಗೆಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅಪ್ಪ ಹೋದ ಮೇಲೆ ಅಮ್ಮ ದೋಣಿ ಹತ್ತಿದವಳಲ್ಲ. ನನ್ನ ಮದುವೆಗೆ ಹೆಣ್ಣು ನೋಡಲು ಎದುರಿನ ದ್ವೀಪಕ್ಕೂ ಬರಲಿಲ್ಲ. ಇವತ್ತು ಹತ್ತುತ್ತಿದ್ದಾಳೆ. ಈಗ ಕಟ್ಟೆಯ ಮೇಲೆ, ಗೋರಿಯಿಂದ ತೆಗೆದ ಗಡಿಗೆ ಮಡಿಲಲ್ಲಿಟ್ಟುಕೊಂಡು, ಮೂಳೆಗೆ ಬಿಸಿಲು ತಾಗಬಾರದೆಂದು ಕರಿ ಛತ್ರಿ ಹಿಡಿದು ಕೂತಿದ್ದಾಳೆ. ಜೊತೆಗೆ ನಿನ್ನ ಅತ್ತಿಗೆ ಬರುತ್ತಾಳೆ, ನಾನು ಇಲ್ಲೇ ಉಳಿಯುತ್ತೇನೆ. ಟಿಕೆಟ್ಟಿನವನು "ಅಜ್ಜಿ, ಗಡಿಗೇನ ಸಾಮಾನಿನ ಜೊತೆ ಇಡಿ" ಎಂದ. "ಇವಳಿಗೂ ಟಿಕೆಟ್ ಕೊಡಪ್ಪ, ಕೂತ್ಕೊಂಡೇ ಬರ್ತಾಳೆ" ಎಂದಳು. ಅವನು ನನ್ನ ಮುಖ ನೋಡಿದ. ಮೂರು ಕೊಡು ಎಂದೆ.

ಸೋಮವಾರ ಸಮಿತಿಯ ಮುಂದೆ ತಾನೇ ಮಾತಾಡುತ್ತೇನೆ ಎನ್ನುತ್ತಾಳೆ. ಮಾತಾಡಲಿ ಬಿಡು. ಬಾಗಿಲು ತೆಗೆದು ನೀನು ಇದನ್ನು ಓದುತ್ತಿರುವಾಗ ಅವಳು ನಿನ್ನ ಎದುರಿಗೇ ನಿಂತಿರುತ್ತಾಳೆ. ಓದಿದ್ದು ಸಾಕು. ಗಡಿಗೆಯನ್ನು ಅವಳ ಕೈಯಿಂದ ಇಳಿಸಿಕೋ. ತೋಳು ಸೋತಿರುತ್ತದೆ, ಆದರೆ ತಾನಾಗಿ ಕೊಡುವವಳಲ್ಲ.

ನಿನ್ನ ಅಣ್ಣ
ತಾಂಗ್‌ಹೈ